ಎಲ್ಲಕ್ಕೂ ಗ್ರೇಡ್ 8 ಕೇಳುವವರಿಗೆ ಗ್ರೇಡ್ 5 ಬೋಲ್ಟಿನ ಬಹಿರಂಗ ಪತ್ರ

ಡಲ್ಲಾಸ್, ಹ್ಯೂಸ್ಟನ್, ಆಸ್ಟಿನ್ ನಗರಗಳ ಕನ್ನಡ ಬಾಂಧವರೇ,

ಹಾರ್ಡ್‌ವೇರ್ ಅಂಗಡಿಯ ಕೆಳಸಾಲಿನ ಡಬ್ಬಿಯಿಂದ ಬರೆಯುತ್ತಿದ್ದೇನೆ. ನನ್ನ ತಲೆಯ ಮೇಲೆ ಮೂರು ಗೆರೆ. ಪಕ್ಕದ ಡಬ್ಬಿಯ ಗ್ರೇಡ್ 8 ಅಣ್ಣನಿಗೆ ಆರು. ಗೆರೆಗೆ ಎರಡು ಕೂಡಿಸಿದರೆ ನಮ್ಮ ಗ್ರೇಡ್ ಸಿಗುತ್ತದೆ. ಬೋಳುತಲೆಯವನನ್ನು ಗ್ರೇಡ್ 2 ಎಂದೇ ತಿಳಿಯುವುದು ಕ್ಷೇಮ. ಮಗಳು ಗಣಿತದಲ್ಲಿ 98 ತಂದರೂ ಉಳಿದೆರಡು ಎಲ್ಲಿ ಹೋಯಿತೆಂದು ಕೇಳುವ ಮನೆಯವರಿಗೆ ನಾನು ಫೇಲಾದವನಂತೆ ಕಂಡರೆ ತಪ್ಪೇನಿಲ್ಲ ಬಿಡಿ.

ಆದರೂ ನಿಮ್ಮ ಪಾಂಡಿತ್ಯಕ್ಕೆ ಒಂದು ದೀರ್ಘದಂಡ. ಊರಿನ ಮಿಲಿಮೀಟರ್ ಬೋಲ್ಟ್‌ಗಳ ನಡುವೆ ಬೆಳೆದ ನಿಮಗೆ ತಲೆಯ ಮೇಲೆ 8.8 ಎಂದು ಕಂಡೊಡನೆ, ಇದು 8ಕ್ಕಿಂತ ದೊಡ್ಡದು ಎಂಬ ಜ್ಞಾನೋದಯವಾಗುತ್ತದೆ. ಸ್ವಾಮಿ, ಅದು ನನ್ನ ದಾಯಾದಿ! 8.8ರ ಮೊದಲ ಅಂಕೆ ಎಳೆತಕ್ಕೆ ತುಂಡಾಗುವ ಮಿತಿ ಸುಮಾರು 800 ಮೆಗಾಪ್ಯಾಸ್ಕಲ್ ಎನ್ನುತ್ತದೆ. ಎರಡನೆಯದು ಅದರ ಶೇ. 80ಕ್ಕೆ, ಅಂದರೆ 640ಕ್ಕೆ, ಬೋಲ್ಟ್ ಮತ್ತೆ ಕುಗ್ಗದಂತೆ ಹಿಗ್ಗಿಬಿಡುತ್ತದೆ ಎನ್ನುತ್ತದೆ. ನನ್ನ ಎಳೆತದ ಮಿತಿ ಚದರ ಇಂಚಿಗೆ 1,20,000 ಪೌಂಡ್. ಲೆಕ್ಕ ಹಾಕಿದರೆ 8.8 ನನ್ನ ಆಸುಪಾಸಿಗೇ ಬಂದು ನಿಲ್ಲುತ್ತದೆ. ಅಣ್ಣನ ಮಿತಿ 1,50,000. ಅವನಿಗೆ ಸಮಾನನಾದವನು 10.9.

'ಹಾಗಾದರೆ ಎಲ್ಲ ಕಡೆ ಅಣ್ಣನನ್ನೇ ಹಾಕಿದರಾಯಿತು' ಎನ್ನುತ್ತೀರಿ. ಹಾಕಿ. ಹಿತ್ತಿಲ ಪರ್ಗೋಲಾದ ಮರದ ತೊಲೆಗೆ ಉಯ್ಯಾಲೆ ಬಿಗಿಯಲು ಗ್ರೇಡ್ 8 ತನ್ನಿ. ಬೋಲ್ಟ್ ಸೋಲುವ ಮೊದಲೇ ಮರ ಸೋಲುತ್ತದೆ. ಅಲ್ಲಿ ಬೇಕಾದದ್ದು ದೊಡ್ಡ ವಾಷರ್ರು ಮತ್ತು ತುಕ್ಕು ತಡೆಯುವ ಹಾಟ್-ಡಿಪ್ ಗ್ಯಾಲ್ವನೈಸಿಂಗ್. ಹ್ಯೂಸ್ಟನ್ನಿನ ತೇವದ ಗಾಳಿ ತಲೆಯ ಮೇಲಿನ ಗೆರೆ ಎಣಿಸುವುದಿಲ್ಲ.

ಇನ್ನು ನಟ್ಟಿನ ವಿಷಯ. ಹ್ಯೂಸ್ಟನ್ ಶಿಪ್ ಚಾನೆಲ್ ದಂಡೆಯ ರಿಫೈನರಿಯಲ್ಲಿ ಬಿ7 ದರ್ಜೆಯ ಸ್ಟಡ್ಡಿಗೆ 2ಎಚ್ ದರ್ಜೆಯ ನಟ್ಟೇ ಬೇಕೆಂದು ಹಠ ಹಿಡಿಯುವ ಎಂಜಿನಿಯರು ಮನೆಗೆ ಬಂದು ಗ್ರೇಡ್ 8 ಬೋಲ್ಟಿಗೆ ಡ್ರಾಯರಿನಲ್ಲಿ ಸಿಕ್ಕ ಅನಾಮಧೇಯ ನಟ್ಟನ್ನು ತಿರುಗಿಸುತ್ತಾರೆ. ಬೋಲ್ಟ್ ಗಟ್ಟಿ, ನಟ್ ಮೆದು. ಬಿಗಿದಂತೆಲ್ಲ ನಟ್ಟಿನ ಥ್ರೆಡ್ ಕಿತ್ತುಹೋಗುತ್ತದೆ. ಎಣ್ಣೆ ಸವರಿದ ಥ್ರೆಡ್ಡಿಗೂ ಒಣ ಥ್ರೆಡ್ಡಿಗೂ ಒಂದೇ ಟಾರ್ಕ್ ಕೊಟ್ಟು, ಬೋಲ್ಟನ್ನು ಮಿತಿ ಮೀರಿ ಹಿಗ್ಗಿಸಿ, ಕೊನೆಗೆ ಕಂಪನಿಯನ್ನು ಬೈಯುವ ಪ್ರತಿಭೆಯೂ ನಿಮ್ಮಲ್ಲಿದೆ.

ಗಟ್ಟಿತನದ ಭಕ್ತರಿಗೆ ಒಂದು ಪುರಾಣ. ಡಿಸೆಂಬರ್ 2012ರಲ್ಲಿ ಮೆಕ್ಸಿಕೋ ಕೊಲ್ಲಿಯಲ್ಲಿ ತೈಲಬಾವಿ ಕೊರೆಯುತ್ತಿದ್ದ ಹಡಗಿನ ಹೆಸರು 'ಡಿಸ್ಕವರರ್ ಇಂಡಿಯಾ'. ಕಡಲಾಳದ ಕನೆಕ್ಟರಿನ ಬೋಲ್ಟುಗಳು ತುಂಡಾಗಿ, 432 ಬ್ಯಾರೆಲ್ ಕೊರೆತದ ದ್ರವ ಸಮುದ್ರ ಸೇರಿತು. ಅವು ದುರ್ಬಲವಾಗಿದ್ದವೇ? ಇಲ್ಲ. ಹೈಡ್ರೋಜನ್ ಹೊಕ್ಕ ಗಟ್ಟಿ ಉಕ್ಕು ಬಾಗದೆ, ಎಚ್ಚರಿಕೆಯನ್ನೂ ಕೊಡದೆ ಬಿರುಕು ಬಿಟ್ಟಿತ್ತು. ಜಿಂಕ್ ಲೇಪಿಸಿದ ಮೇಲೆ ಹೈಡ್ರೋಜನ್ ಹೊರಹೋಗಲೆಂದು ಕಾಯಿಸುವ ಹಂತ ತಪ್ಪಿಹೋಗಿತ್ತು.

ಅಣ್ಣನ ವೇಷ ಹಾಕಿದವರೂ ಇದ್ದರು. 1980ರ ದಶಕದಲ್ಲಿ ಬೋರಾನ್ ಉಕ್ಕಿನ ಗ್ರೇಡ್ 8.2 ಬೋಲ್ಟುಗಳು ಗ್ರೇಡ್ 8ರ ಗೆರೆ ಹೊತ್ತು ಅಮೆರಿಕದ ಸೈನ್ಯದವರೆಗೂ ಹೋದವು. ಬಿಸಿ ತಗುಲಿದರೆ ಅವುಗಳ ಬಿಗಿತ ಸಡಿಲ. ಜಾನ್ ಡಿಂಗೆಲ್ ನೇತೃತ್ವದ ಸಂಸದೀಯ ಉಪಸಮಿತಿ 1988ರಲ್ಲಿ ಇದನ್ನು ಬಯಲಿಗೆಳೆಯಿತು. 1990ರಲ್ಲಿ ಫಾಸ್ಟೆನರ್ ಗುಣಮಟ್ಟ ಕಾಯ್ದೆಯೇ ಬಂತು. ಆದ್ದರಿಂದ ಗೆರೆಯೊಂದನ್ನೇ ನಂಬಬೇಡಿ, ಪಕ್ಕದಲ್ಲಿ ತಯಾರಕರ ಮುದ್ರೆ ಇದೆಯೇ ನೋಡಿ.

ಗ್ರೇಡ್ ಎಂದರೆ ರ‍್ಯಾಂಕ್ ಅಲ್ಲ, ಹೊರುವ ಭಾರದ ಕರಾರು. ಟ್ರೇಲರ್ ಆಗಲಿ, ಉಯ್ಯಾಲೆಯಾಗಲಿ, ಮ್ಯಾನ್ಯುಅಲ್ ಯಾವ ಗ್ರೇಡ್ ಕೇಳುತ್ತದೋ ಅದನ್ನೇ ಕೊಳ್ಳಿ. ಕಡಿಮೆಯೂ ಬೇಡ, ಜಂಬಕ್ಕೆ ಹೆಚ್ಚೂ ಬೇಡ. ನಟ್ಟನ್ನು ಬೋಲ್ಟಿನ ಜೊತೆಗೇ ಆರಿಸಿ. ಅಳಿಯನಿಗೆ ಮುಂದಿನ ಉಡುಗೊರೆ ಕೊಡುವಾಗ ಸ್ಮಾರ್ಟ್ ವಾಚ್ ಬಿಟ್ಟು ಒಂದು ಟಾರ್ಕ್ ವ್ರೆಂಚ್ ಕೊಡಿ.

ಇಂತಿ ನಿಮ್ಮ ವಿಶ್ವಾಸಿ,
ಗ್ರೇಡ್ 5