ಸೊನ್ನೆಗೂ ಒಂದಕ್ಕೂ ನಡುವೆ: ನೂರು ವ್ಯಾಟಿನ ಆಂಪ್ ಜತೆ ಮಾತುಕತೆ

ಬೆಂಗಳೂರಿನ ಜೆ.ಪಿ. ನಗರದಲ್ಲಿ ಒಂದು ಅಪಾರ್ಟ್‌ಮೆಂಟು, ಮೂರನೇ ಮಹಡಿ, ಎರಡು ಬೆಡ್‌ರೂಮಿನ ಮನೆ. ಒಂದರಲ್ಲಿ ಗಂಡ ಹೆಂಡತಿ ಮಲಗುತ್ತಾರೆ, ಇನ್ನೊಂದರಲ್ಲಿ ಇವರು ನಿಂತಿದ್ದಾರೆ. ಕೆಳಗೆ ಹನ್ನೆರಡಿಂಚಿನ ನಾಲ್ಕು ಸ್ಪೀಕರ್ ತುಂಬಿದ ಪೆಟ್ಟಿಗೆ, ಮೇಲೆ ವಾಲ್ವ್ ಆಂಪಿನ ತಲೆ. ಇಂಗ್ಲೆಂಡಿನ ಮನೆತನ. ಯಜಮಾನರು ಆಫೀಸಿಗೆ ಹೋದ ಹೊತ್ತು ನೋಡಿ ಮಾತಿಗೆ ಕೂತೆವು. ಮೊದಲು ತಲೆಯ ಮೇಲಿದ್ದ ಕಾಲುಚೀಲಗಳನ್ನು ಎತ್ತಿಡಬೇಕಾಯಿತು.

ಪ್ರಶ್ನೆ: ನಮಸ್ಕಾರ ಸಾರ್. ಹೇಗಿದ್ದೀರಿ?

ಆಂಪ್: ಬೆಚ್ಚಗಿದ್ದೇನೆ. ಈಗ ಅದೇ ನನ್ನ ಉದ್ಯೋಗ. ಮಳೆಗಾಲ ಬಂತೆಂದರೆ ಮನೆಯಾಕೆ ತಾವಾಗಿ ಬಂದು ಸ್ವಿಚ್ ಹಾಕುತ್ತಾರೆ. ಸಂಗೀತಕ್ಕಲ್ಲ, ಕಾಲುಚೀಲಕ್ಕೆ. ದಸರಾದಲ್ಲಿ ಮಾತ್ರ ಒಂಚೂರು ಮರ್ಯಾದೆ. ಬಿಳಿ ಪಂಚೆ ಹೊದಿಸಿ ಗೊಂಬೆ ಕೂರಿಸುತ್ತಾರೆ. ಪಟ್ಟದ ಗೊಂಬೆ ನನ್ನ ನೆತ್ತಿಯ ಮೇಲೇ. ಬಂದವರೆಲ್ಲ ಮೆಟ್ಟಿಲು ಎಷ್ಟು ಗಟ್ಟಿಯಾಗಿದೆ ಅಂತ ಹೊಗಳಿ, ಚರ್ಪು ತಿಂದು ಹೋಗುತ್ತಾರೆ.

ಪ್ರಶ್ನೆ: ನಿಮ್ಮ ವಂಶದ ಬಗ್ಗೆ ನಾಲ್ಕು ಮಾತು?

ಆಂಪ್: ಕೇಳಿ ಮತ್ತೆ! ಲಂಡನ್ನಿನ ಹ್ಯಾನ್‌ವೆಲ್‌ನಲ್ಲಿ ಜಿಮ್ ಮಾರ್ಷಲ್ ಅಂತ ಡ್ರಮ್ ಬಾರಿಸುವವರೊಬ್ಬರು ವಾದ್ಯದಂಗಡಿ ಇಟ್ಟಿದ್ದರು. 1962ರಲ್ಲಿ ಅವರೂ ಅವರ ಹುಡುಗರೂ ಅಮೆರಿಕದ ಫೆಂಡರ್ ಬ್ಯಾಸ್‌ಮನ್ ಆಂಪಿನ ಸರ್ಕ್ಯೂಟನ್ನು ಮುಂದಿಟ್ಟುಕೊಂಡು ನಮ್ಮ ಮೂಲಪುರುಷನನ್ನು ಕಟ್ಟಿದರು. ಆಮೇಲೆ ‘ದಿ ಹೂ’ ತಂಡದ ಪೀಟ್ ಟೌನ್‌ಶೆಂಡ್ ಬಂದು ಈ ಸದ್ದು ಸಾಲದು ಅಂತ ಪಟ್ಟು ಹಿಡಿದರು. 1965ರಲ್ಲಿ ನೂರು ವ್ಯಾಟ್ ಹುಟ್ಟಿತು. ಒಂದೇ ಪೆಟ್ಟಿಗೆಯಲ್ಲಿ ಎಂಟು ಸ್ಪೀಕರ್ ಬೇಕು ಅಂದರು. ಮಾಡಿಕೊಟ್ಟಿದ್ದೂ ಆಯಿತು, ಹೊರುವವರ ಸೊಂಟ ಬಿದ್ದಿದ್ದೂ ಆಯಿತು. ಕಡೆಗೆ ನಾಲ್ಕು ನಾಲ್ಕರಂತೆ ಎರಡು ಪೆಟ್ಟಿಗೆ ಮಾಡಿ ಒಂದರ ಮೇಲೊಂದು ಪೇರಿಸಿದರು. ಆ ಕಾಲದಲ್ಲಿ ಸಭಾಂಗಣದ ಮೈಕು-ಸ್ಪೀಕರುಗಳಿಗೆ ಹಾಡುವವರ ಗಂಟಲನ್ನು ಹಿಂದಿನ ಸಾಲಿಗೆ ಮುಟ್ಟಿಸುವುದೇ ಕಷ್ಟ. ಗಿಟಾರಿನ ಪಾಲಿಗೆ ನಾವೇ ಕೂಗಬೇಕಿತ್ತು.

ಪ್ರಶ್ನೆ: ಈಗ?

ಆಂಪ್: ಈಗ ನಮ್ಮ ಮೂತಿಗೆ ಒಂದು ಮೈಕ್ ಹಿಡಿದು, ಸದ್ದನ್ನು ದೊಡ್ಡ ಸ್ಪೀಕರುಗಳಿಗೆ ಕಳಿಸುತ್ತಾರೆ. ವೇದಿಕೆಯಲ್ಲೇ ನಾವು ಇಷ್ಟು ದಪ್ಪ ಇರಬೇಕಾಗಿಲ್ಲ. ಇದನ್ನು ಬರೆದುಕೊಳ್ಳಬೇಡಿ.

ಪ್ರಶ್ನೆ: ಹಾಗಿದ್ದ ಮೇಲೆ ಮನೆಗೆ ಯಾಕೆ ಬಂದಿರಿ?

ಆಂಪ್: ನಾನು ಬರಲಿಲ್ಲ ಸ್ವಾಮಿ, ತಂದರು. 2007ರ ಮಾರ್ಚಿನಲ್ಲಿ ಅರಮನೆ ಮೈದಾನಕ್ಕೆ ಐರನ್ ಮೇಡನ್ ಬಂತಲ್ಲ, ಆಗ ನಮ್ಮ ಯಜಮಾನರು ಇಂಜಿನಿಯರಿಂಗ್ ಓದುವ ಹುಡುಗ. ಅವತ್ತು ಗುಂಪಿನಲ್ಲಿ ನಿಂತು ಹೊತ್ತ ಹರಕೆ ನಾನು. ಕೈತುಂಬ ಸಂಬಳ ಬಂದ ಮೇಲೆ ಸೆಕೆಂಡ್ ಹ್ಯಾಂಡಿನಲ್ಲಿ ತೀರಿಸಿದರು.

ಪ್ರಶ್ನೆ: ಈ ಮನೆಯಲ್ಲಿ ನಿಮ್ಮ ವಾಲ್ಯೂಮ್ ಎಷ್ಟರವರೆಗೆ ಹೋಗಿದೆ?

ಆಂಪ್: ಬಗ್ಗಿ ನೋಡಿ. ಗುಂಡಿಯ ಸುತ್ತ ಬಿಳಿ ಟೇಪ್ ಅಂಟಿಸಿದ್ದಾರೆ. ಅದರ ಮೇಲೆ ಸೊನ್ನೆಗೂ ಒಂದಕ್ಕೂ ನಡುವೆ ಬಾಲ್‌ಪೆನ್ನಿನ ಗೆರೆ. ಸೊನ್ನೆಯಲ್ಲಿ ಮೌನ, ಗೆರೆಯ ಹತ್ತಿರ ಗುನುಗು, ಗೆರೆ ದಾಟಿದರೆ ಕೆಳಮನೆ ಮೇಷ್ಟ್ರು. ಒಂದರಿಂದ ಹತ್ತರವರೆಗಿನ ಅಂಕಿಗಳು ನನಗೆ ಅಲಂಕಾರಕ್ಕೆ ಮಾತ್ರ. ವಾಲ್ವ್‌ಗಳಿಗೆ ಚೆನ್ನಾಗಿ ಕೆಲಸ ಕೊಟ್ಟಾಗಲೇ ಅವು ಹದವಾಗಿ ಒಡೆದು ಹಾಡುವುದು. ಗುನುಗಿನಲ್ಲಿ ನನ್ನ ಗುಣ ಹೊರಗೆ ಬರುವುದೇ ಇಲ್ಲ. ಸಾಲದ್ದಕ್ಕೆ ಕಿವಿಯೂ ಕೈಕೊಡುತ್ತದೆ. ಸದ್ದು ಇಳಿದಷ್ಟೂ ಮಂದ್ರಸ್ವರ ಕಿವಿಗೆ ಸರಿಯಾಗಿ ಬೀಳುವುದಿಲ್ಲ ಅಂತ ಫ್ಲೆಚರ್, ಮನ್ಸನ್ ಎಂಬಿಬ್ಬರು 1933ರಲ್ಲೇ ಅಳೆದು ಹೇಳಿದ್ದಾರೆ. ಲಕ್ಷದ ಆಂಪ್ ತಂದು ಸೊಳ್ಳೆಯ ಸದ್ದು ಕೇಳುವುದು ಅಂದರೆ ಇದೇ.

ಪ್ರಶ್ನೆ: ಮೇಷ್ಟ್ರು ಬಂದು ಜಗಳ ಆಡುತ್ತಾರೆಯೇ?

ಆಂಪ್: ಜಗಳ ಆಡಿದ್ದರೆ ತಡೆದುಕೊಳ್ಳಬಹುದಿತ್ತು, ಪಾಠ ಮಾಡುತ್ತಾರೆ. ನಿವೃತ್ತ ಭೌತಶಾಸ್ತ್ರದ ಲೆಕ್ಚರರ್. ಫೋನಿನಲ್ಲಿ ಡೆಸಿಬೆಲ್ ಅಳೆಯುವ ಆಪ್ ಇಟ್ಟುಕೊಂಡಿದ್ದಾರೆ. 2000ನೇ ಇಸವಿಯ ಶಬ್ದಮಾಲಿನ್ಯ ನಿಯಮದ ಪ್ರಕಾರ ವಸತಿ ಪ್ರದೇಶದಲ್ಲಿ ಹಗಲು 55 ಡೆಸಿಬೆಲ್, ರಾತ್ರಿ ಹತ್ತರಿಂದ ಬೆಳಗ್ಗೆ ಆರರವರೆಗೆ 45 ಅಂತ ಬಾಗಿಲಲ್ಲೇ ನಿಂತು ಒಪ್ಪಿಸಿದರು. ಅಲ್ಲಿಗೂ ಬಿಡಲಿಲ್ಲ, ಒಳಗೆ ಬಂದು ಕಾಫಿ ಕುಡಿಯುತ್ತಾ ನನ್ನ ಮಾನ ಕಳೆದರು. ಶಕ್ತಿ ಎರಡರಷ್ಟಾದರೆ ಏರುವುದು ಬರೀ 3 ಡೆಸಿಬೆಲ್. ಹತ್ತರಷ್ಟಾದರೆ 10 ಡೆಸಿಬೆಲ್, ಕಿವಿಗೆ ಅದು ಸುಮಾರು ಎರಡು ಪಟ್ಟು ಜೋರು, ಅಷ್ಟೇ. ಅಂದರೆ ನೂರು ವ್ಯಾಟಿನ ನಾನು ಹತ್ತು ವ್ಯಾಟಿನ ಪೋರನಿಗಿಂತ ಹತ್ತು ಪಟ್ಟು ದೊಡ್ಡವನಲ್ಲ, ಎರಡೇ ಪಟ್ಟು! ಇನ್ನೂ ಇದೆ. ಒಳ್ಳೆಯ ಹನ್ನೆರಡಿಂಚಿನ ಗಿಟಾರ್ ಸ್ಪೀಕರಿಗೆ ಒಂದೇ ಒಂದು ವ್ಯಾಟ್ ಕೊಟ್ಟರೂ ಒಂದು ಮೀಟರ್ ದೂರದಲ್ಲಿ ನೂರು ಡೆಸಿಬೆಲ್ ಹತ್ತಿರ ಬರುತ್ತದಂತೆ. ಉಳಿದ ತೊಂಬತ್ತೊಂಬತ್ತು ಯಾಕೆ ಅಂತ ಕೇಳಿದರು. ಯಜಮಾನರು ಇನ್ನೊಂದು ಲೋಟ ಕಾಫಿ ತರಲು ಎದ್ದುಹೋದರು.

ಪ್ರಶ್ನೆ: ಸದ್ದು ಇಳಿಸುವ ಉಪಕರಣ ಸಿಗುತ್ತದಲ್ಲ?

ಆಂಪ್: ಅಟೆನ್ಯುಯೇಟರ್. ನನಗೂ ಸ್ಪೀಕರಿಗೂ ನಡುವೆ ಕೂತು ನನ್ನ ಶಕ್ತಿಯ ಬಹುಪಾಲನ್ನು ಬಿಸಿ ಮಾಡಿ ಹೊರಗೆ ಬಿಡುವ ಡಬ್ಬಿ. ಒಳ್ಳೆಯದರ ಬೆಲೆಗೆ ಮನೆಗೆ ಹಿಡಿಸುವ ಹೊಸ ಆಂಪೇ ಬರುತ್ತದೆ. ಸದ್ದಾಗಬಾರದು ಅಂತ ಸ್ಪೀಕರ್ ತಂತಿಯನ್ನೇ ಕಿತ್ತು ವಾಲ್ವ್ ಆಂಪ್ ಹಚ್ಚುವ ಬುದ್ಧಿವಂತರೂ ಇದ್ದಾರೆ. ಅವರಿಗೆ ಹೇಳಿ, ಔಟ್‌ಪುಟ್ ಟ್ರಾನ್ಸ್‌ಫಾರ್ಮರ್ ಸುಟ್ಟುಹೋಗಬಹುದು.

ಪ್ರಶ್ನೆ: ಆ ಪುಸ್ತಕದ ಕಪಾಟಿನಲ್ಲಿ ಕೂತಿರುವವರು ಯಾರು? ರೇಡಿಯೋ ಥರ ಇದ್ದಾರೆ.

ಆಂಪ್: (ಕೊಂಚ ಹೊತ್ತು ಗುಂಯ್‌ಗುಡುತ್ತಾರೆ) ಸವತಿ. ಮಾಡೆಲಿಂಗ್ ಆಂಪ್. ವಾಲ್ವ್ ಇಲ್ಲ, ಚಿಪ್ಪಿನಲ್ಲಿ ನಮ್ಮೆಲ್ಲರ ದನಿಯನ್ನೂ ಅನುಕರಿಸುವ ಮಿಮಿಕ್ರಿ ಕಲಾವಿದೆ. 1998ರಲ್ಲಿ ಲೈನ್ 6 ಕಂಪನಿಯವರು ಕೆಂಪು ರಾಜ್ಮಾ ಕಾಳಿನ ಆಕಾರದ ‘ಪಾಡ್’ ತಂದಾಗ ನಮ್ಮವರು ನಕ್ಕಿದ್ದರು. 2011ರಲ್ಲಿ ಯಮಾಹಾದವರ ಟಿಎಚ್‌ಆರ್ ಬಂತು, ಎಂಟು ಸೆಂಟಿಮೀಟರಿನ ಎರಡು ಸ್ಪೀಕರು, ಮನೆಯಲ್ಲಿ ನುಡಿಸುವುದಕ್ಕೆಂದೇ ಮಾಡಿದ್ದು. ಆಮೇಲೆ ಬಾಸ್ ಕಟಾನಾ. ಐವತ್ತು ವ್ಯಾಟಿನದಾದರೂ ಒಂದು ಗುಂಡಿ ತಿರುಗಿಸಿದರೆ ಅರ್ಧ ವ್ಯಾಟಿಗೆ ಇಳಿಯುತ್ತದೆ. ನಗು ಅಲ್ಲಿಗೆ ನಿಂತಿತು. ರಾತ್ರಿ ಹನ್ನೊಂದಕ್ಕೆ ಯಜಮಾನರು ಈಕೆಗೆ ಹೆಡ್‌ಫೋನ್ ಚುಚ್ಚಿ ನನ್ನದೇ ದನಿಯಲ್ಲಿ ನುಡಿಸುತ್ತಾರೆ. ನನ್ನೆದುರಿಗೇ!

ಪ್ರಶ್ನೆ: ಅಂದರೆ ಅವರ ಸಾಧನೆ ಚೆನ್ನಾಗಿ ನಡೆದಿದೆ.

ಆಂಪ್: ಎಲ್ಲಿ ಬಂತು? ಈಕೆಯ ಆಪ್ ತೆರೆದರೆ ಟೋನುಗಳ ಜಾತ್ರೆ. ಅದನ್ನೊಂದು ಇದನ್ನೊಂದು ಒತ್ತುತ್ತಾ ಕೂತರೆ ಒಂದು ಗಂಟೆ ಕಳೆಯುತ್ತದೆ. ಮೇಜರ್ ಸ್ಕೇಲು ಇನ್ನೂ ಏಳನೇ ಸ್ವರದಲ್ಲಿ ಎಡವುತ್ತದೆ. ಅದಕ್ಕೆ ಯಾವ ಟೋನೂ ಮದ್ದಲ್ಲ.

ಪ್ರಶ್ನೆ: ಚಿಕ್ಕ ಆಂಪುಗಳಲ್ಲಿ ನಿಮಗೆ ಗೌರವ ಯಾರ ಮೇಲೂ ಇಲ್ಲವೇ?

ಆಂಪ್: ಒಬ್ಬರ ಮೇಲಿದೆ. 1970ರ ದಶಕದ ಆರಂಭದಲ್ಲಿ ಕ್ವೀನ್ ತಂಡದ ಜಾನ್ ಡೀಕನ್‌ಗೆ ಲಂಡನ್ನಿನ ಬೀದಿಯ ಕಸದ ತೊಟ್ಟಿಯಲ್ಲಿ ಒಂದು ಸರ್ಕ್ಯೂಟ್ ಬೋರ್ಡ್ ಸಿಕ್ಕಿತು. ಅದನ್ನು ಕಪಾಟಿನಲ್ಲಿಡುವಂಥ ಸ್ಪೀಕರ್ ಪೆಟ್ಟಿಗೆಗೆ ಸೇರಿಸಿ ಒಂಬತ್ತು ವೋಲ್ಟಿನ ಬ್ಯಾಟರಿ ಜೋಡಿಸಿದರು. ವಾಲ್ಯೂಮ್ ಗುಂಡಿಯೇ ಇಲ್ಲ. ಬ್ರಯಾನ್ ಮೇ ಅದಕ್ಕೆ ಗಿಟಾರ್ ಸಿಕ್ಕಿಸಿ, 1975ರ ‘ಗುಡ್ ಕಂಪನಿ’ ಹಾಡಿನಲ್ಲಿ ಒಂದಿಡೀ ಜಾಝ್ ಬ್ಯಾಂಡನ್ನೇ ಕೂರಿಸಿಬಿಟ್ಟರು, ಎಲ್ಲವೂ ಗಿಟಾರೇ. ಕಸದ ತೊಟ್ಟಿಯವನು ರೆಕಾರ್ಡಾದ, ನಾನು ಕಾಲುಚೀಲ ಒಣಗಿಸುತ್ತಿದ್ದೇನೆ.

ಪ್ರಶ್ನೆ: ಅಮೆರಿಕದಿಂದ ತರಿಸಿಕೊಂಡರೆ ಅಗ್ಗ ಎನ್ನುತ್ತಾರೆ.

ಆಂಪ್: ಯಜಮಾನರ ಭಾವಮೈದುನನೂ ಒಂದು ತಂದಿದ್ದ. ಅಲ್ಲಿಯದು 120 ವೋಲ್ಟ್, ಇಲ್ಲಿಯದು 230. ಸ್ಟೆಪ್‌ಡೌನ್ ಟ್ರಾನ್ಸ್‌ಫಾರ್ಮರ್ ಇಲ್ಲದೆ ನೇರ ಗೋಡೆಗೆ ಚುಚ್ಚಿದರು. ಮೂರು ಸೆಕೆಂಡು ಬದುಕಿತ್ತು. ಹಿಂದೆ ಏನು ಬರೆದಿದೆ ಅಂತ ಓದಿ ಕೊಳ್ಳಿ ಸ್ವಾಮಿ. ಹಾಗೇ ಮನೆಯ ಅರ್ಥಿಂಗ್ ನೋಡಿಸಿ. ಮೂರನೇ ಪಿನ್ ಹೆಸರಿಗಷ್ಟೇ ಇರುವ ಹಳೇ ಮನೆಗಳಲ್ಲಿ ಗುಂಯ್ ಎನ್ನುವುದು ಹೋಗಲಿ, ತಂತಿ ಮುಟ್ಟಿದರೆ ಕೈಗೇ ಹೊಡೆಯುವುದುಂಟು.

ಪ್ರಶ್ನೆ: ಕಡೆಯದಾಗಿ, ಮನೆಗೆ ಹೊಸದಾಗಿ ಕೊಳ್ಳುವವರಿಗೆ ಏನು ಹೇಳುತ್ತೀರಿ?

ಆಂಪ್: ಅಂಗಡಿಗೆ ನಿಮ್ಮದೇ ಗಿಟಾರ್ ಒಯ್ಯಿರಿ. ಅಂಗಡಿಯವನು ವಾಲ್ಯೂಮ್ ಏರಿಸಿ ಮೆರೆಸಲು ಬಿಡಬೇಡಿ. ಅವನ ಜತೆ ದನಿ ಏರಿಸದೆ ಮಾತಾಡುವಷ್ಟಕ್ಕೆ ಇಳಿಸಿ, ಹದಿನೈದು ನಿಮಿಷ ನುಡಿಸಿ. ಆ ಸದ್ದಿನಲ್ಲೇ ಇಷ್ಟವಾದರೆ ಕೊಳ್ಳಿ, ವ್ಯಾಟ್ ಎಷ್ಟು ಅಂತ ಕೇಳಲೇಬೇಡಿ. ಹೆಡ್‌ಫೋನ್ ಜಾಕ್ ಇರಲೇಬೇಕು, ಹೆಡ್‌ಫೋನಿಗೆ ತಂತಿ ಇರಬೇಕು. ಸಾಮಾನ್ಯ ಬ್ಲೂಟೂತ್ ಹೆಡ್‌ಫೋನಿನಲ್ಲಿ ಬೆರಳು ಮೀಟಿದ ಮೇಲೆ ಸ್ವರ ತಡವಾಗಿ ಬರುತ್ತದೆ, ತಾಳ ಕೆಡುತ್ತದೆ. ಮನೆಗೆ ತಂದ ಮೇಲೆ ನೆಲದ ಮೇಲಿಡದೆ ಸ್ಟೂಲಿನ ಮೇಲೆ, ಕಿವಿಯ ಮಟ್ಟಕ್ಕಿಡಿ. ಗಿಟಾರ್ ಸ್ಪೀಕರಿನ ತಾರಸ್ವರ ನೇರಕ್ಕೆ ಹೋಗುವಂಥದ್ದು. ಮೊಣಕಾಲಿಗೆ ಹಾಡಿಸಿ, ಕಿವಿಗೆ ಕೇಳಿಸಲಿಲ್ಲ ಅಂತ ಟ್ರೆಬಲ್ ಏರಿಸುವವರೇ ಹೆಚ್ಚು. ನೆಲ ಬಿಟ್ಟರೆ ಮೇಷ್ಟ್ರಿಗೂ ಗುದ್ದು ಕಡಿಮೆ.

ಇನ್ನೊಂದು ಮಾತು ಹಾಕಿಕೊಳ್ಳಿ. ನಾನು ಮಾರಾಟಕ್ಕಿದ್ದೇನೆ. ಕಲ್ಯಾಣಮಂಟಪ ಇದ್ದವರು, ತೋಟದ ಮನೆ ಇದ್ದವರು ಬಂದು ನೋಡಬಹುದು. ದಸರಾ ಕಳೆಯುವವರೆಗೆ ಮಾತ್ರ ಮನೆಯಾಕೆ ಬಿಟ್ಟುಕೊಡುವುದಿಲ್ಲವಂತೆ.