ಹಗಲು ಬಿಳಿ, ಇರುಳು ಹಳದಿ

ಬೆಂಗಳೂರಿನ ಅಕ್ಕಿಪೇಟೆಯಲ್ಲಿ ಈಗ ಅಕ್ಕಿ ಮೂಟೆಗಿಂತ ಮಾತ್ರೆಯ ಪೆಟ್ಟಿಗೆಗಳೇ ಹೆಚ್ಚು. ಹೆಸರೊಂದು, ವ್ಯಾಪಾರ ಇನ್ನೊಂದು; ಹಾಗೆಂದು ಪೇಟೆಗೆ ಯಾರೂ ದಂಡ ಹಾಕಿಲ್ಲ. ಇಲ್ಲಿನ ಔಷಧಿ ಮಳಿಗೆಯಲ್ಲಿ ಲೆಕ್ಕ ಬರೆಯುವ ನಮ್ಮ ರಾಯರಿಗೆ ಅದೇ ಧೈರ್ಯ. ಕಾರಿನ ಕಂತು ಕಟ್ಟಬೇಕಲ್ಲ, ಅಂಗಡಿ ಬಾಗಿಲು ಹಾಕಿದ ಮೇಲೆ ತಮ್ಮ ವೈಟ್ ಬೋರ್ಡ್ ಕಾರಿಗೆ ಗಿರಾಕಿ ಹತ್ತಿಸತೊಡಗಿದರು. ಹೆಸರು ಕಾರ್‌ಪೂಲ್, ಕಸುಬು ಬಾಡಿಗೆ.

"ಇನ್ಶೂರೆನ್ಸ್ ಇದೆಯಲ್ಲ" ಎಂಬುದು ಅವರ ಅಭಯಮಂತ್ರ. ಇದೆ, ಸ್ವಂತ ಕಾರಿನದು. 2022ರ ಅಧಿಸೂಚನೆಯಂತೆ 1000ದಿಂದ 1500 ಸಿಸಿ ಕಾರಿನ ಥರ್ಡ್ ಪಾರ್ಟಿ ಪ್ರೀಮಿಯಂ ವರ್ಷಕ್ಕೆ 3,416 ರೂಪಾಯಿ. ಅದೇ ಕಾರು ನಾಲ್ವರನ್ನು ಹೊರುವ ಟ್ಯಾಕ್ಸಿಯಾದರೆ 7,940, ಮೇಲೆ ತಲೆಗೆ 978, ಒಟ್ಟು 11,852. ಎಂಜಿನ್ ಅದೇ, ಚಕ್ರ ಅದೇ, ಸಿಲ್ಕ್ ಬೋರ್ಡ್ ಟ್ರಾಫಿಕ್ಕೂ ಅದೇ. ಬೋರ್ಡಿಗೆ ಬಳಿದ ಹಳದಿ ಬಣ್ಣಕ್ಕೆ 8,436 ರೂಪಾಯಿ!

ರಾಯರು ಏಜೆಂಟನನ್ನು ಕೇಳಿದರು: "ನಾನು ದಿನಕ್ಕೆ ಮೂರೇ ಗಂಟೆ ಟ್ಯಾಕ್ಸಿ ಕಣಯ್ಯಾ. ಪಾರ್ಟ್ ಟೈಮ್ ಪಾಲಿಸಿ ಇಲ್ವಾ?"

"ಪಾರ್ಟ್ ಟೈಮು ನಿಮಗೆ ಸಾರ್. ಬೋರ್ಡಿಗೆ ಯಾವತ್ತೂ ಫುಲ್ ಟೈಮೇ."

ಪಾಲಿಸಿಯ ಇರುವೆ ಅಕ್ಷರಗಳಲ್ಲಿ ಬರೆದೇ ಇದೆ: ಬಾಡಿಗೆಗೆ ಓಡಿಸುವಂತಿಲ್ಲ. ಓಡಿಸಿ ಗುದ್ದಿದರೆ ಸ್ವಂತ ಕಾರಿನ ರಿಪೇರಿಗೆ ಕ್ಲೇಮ್ ಸಿಗುವ ಆಸೆ ಬಿಡಬೇಕು. ಪೆಟ್ಟು ತಿಂದವನ ಪಾಡು? ಪರ್ಮಿಟ್ ಇಲ್ಲದ ವಾಹನದ ಪ್ರಕರಣವೊಂದರಲ್ಲಿ 2018ರಲ್ಲಿ ಸುಪ್ರೀಂ ಕೋರ್ಟ್ ಒಪ್ಪಿದ ದಾರಿ ಇದು: ವಿಮಾ ಕಂಪನಿ ಮೊದಲು ಪರಿಹಾರ ಕೊಡಲಿ, ಆಮೇಲೆ ಮಾಲೀಕನಿಂದ ವಸೂಲಿ ಮಾಡಿಕೊಳ್ಳಲಿ. ಅಂದರೆ ರಾಯರು ವರ್ಷವರ್ಷ ಪ್ರೀಮಿಯಂ ಕಟ್ಟಿ ಕೊಂಡದ್ದು ವಿಮೆಯಲ್ಲ, ಕೈಸಾಲ. ಪರ್ಮಿಟ್ ಇಲ್ಲದೆ ಓಡಿಸಿದ್ದಕ್ಕೆ 10,000 ರೂಪಾಯಿವರೆಗೆ ದಂಡ ಬೇರೆ.

ಸರ್ಕಾರವನ್ನು ಕೇಳೋಣವೇ? ರಾಜ್ಯಗಳ ಅಡ್ಡಿಯಿಲ್ಲದಿದ್ದರೆ ಸ್ವಂತ ಕಾರಿನಲ್ಲೂ ಜನರು ಸವಾರಿ ಹಂಚಿಕೊಂಡು ಹೋಗಬಹುದು ಎಂದು 2020ರಲ್ಲಿ ಕೇಂದ್ರ ಮಾರ್ಗಸೂಚಿ ಹೊರಡಿಸಿತು. 2023ರಲ್ಲಿ ನಮ್ಮ ಸಾರಿಗೆ ಇಲಾಖೆ, ಆಪ್‌ನಲ್ಲಿ ವೈಟ್ ಬೋರ್ಡ್ ಪೂಲಿಂಗ್ ಕೂಡದು ಎಂದಿತು. ದೆಹಲಿಯಲ್ಲಿ ಉದ್ದುದ್ದ ಆಡಿದ ತಲೆ ಬೆಂಗಳೂರಿಗೆ ಬರುವಷ್ಟರಲ್ಲಿ ಅಡ್ಡಡ್ಡ ಆಡಿತ್ತು.

ರಾಯರು ಸೋತು ಕಾರಿಗೆ ಹಳದಿ ಬೋರ್ಡ್ ಹಾಕಿಸಿದರು. ಮೊನ್ನೆ ಹೆಂಡತಿಯನ್ನು ಕೂರಿಸಿಕೊಂಡು ನೆಂಟರ ಮದುವೆಗೆ ಹೋದರು. ಛತ್ರದ ಬಾಗಿಲಲ್ಲಿ ಆಕೆ ಇಳಿದದ್ದೇ ತಡ, ಹೆಣ್ಣಿನ ಕಡೆಯ ಹಿರಿಯರೊಬ್ಬರು ಜೇಬಿಗೆ ಕೈಹಾಕುತ್ತಾ ಕಿಟಕಿಗೆ ಬಗ್ಗಿದರು:

"ಎಷ್ಟಾಯ್ತಪ್ಪಾ?"

ಲೆಕ್ಕದ ರಾಯರು ತಡವರಿಸಲಿಲ್ಲ. "ಹನ್ನೊಂದು ಸಾವಿರದ ಎಂಟುನೂರ ಐವತ್ತೆರಡು."