ಆಷಾಢವಿಲ್ಲದ ಬಾಡಿಗೆ

ಯಾವ ತಾಲ್ಲೂಕು ಕೇಂದ್ರಕ್ಕೆ ಹೋದರೂ ಸರಿ, ಬಸ್ ನಿಲ್ದಾಣದ ಎದುರು, ಝೆರಾಕ್ಸ್ ಅಂಗಡಿಗೂ ಬೇಕರಿಗೂ ನಡುವೆ ಇರುವ ಕಿರಿದಾದ ಮೆಟ್ಟಿಲು ಹತ್ತಿದರೆ ಇವರು ಸಿಗುತ್ತಾರೆ. ನಾನು ಹೇಳುತ್ತಿರುವುದು ನಮ್ಮ ತಿಪಟೂರಿನವರ ಬಗ್ಗೆ. ಓದುತ್ತಾ ನಿಮ್ಮೂರಿನವರೇ ನೆನಪಾದರೆ ಅದು ನನ್ನ ತಪ್ಪಲ್ಲ. ಇವರಿಗೆ ಅಪ್ಪ ಅಮ್ಮ ಇಟ್ಟ ಹೆಸರೊಂದಿದೆ. ಮತದಾರರ ಪಟ್ಟಿ ಬಿಟ್ಟರೆ ಬೇರೆಲ್ಲೂ ಅದು ಬಳಕೆಯಲ್ಲಿಲ್ಲ. ಊರಿಗೆಲ್ಲ ಇವರು ಸ್ಟುಡಿಯೋದಣ್ಣ.

ಮೂವತ್ತು ವರ್ಷದಿಂದ ಊರಿನ ಗದ್ದ ಎತ್ತಿಸಿ, ಇಳಿಸಿ, ಮತ್ತೆ ಎತ್ತಿಸಿದವರು. ಎಸ್ಸೆಸ್ಸೆಲ್ಸಿ ಹಾಲ್ ಟಿಕೆಟ್ಟಿನಿಂದ ಶ್ರದ್ಧಾಂಜಲಿ ಫ್ಲೆಕ್ಸಿನವರೆಗೆ ಒಬ್ಬ ಮನುಷ್ಯನ ಪೂರ್ತಿ ಆಯುಷ್ಯ ಅವರ ಹಾರ್ಡ್‌ಡಿಸ್ಕಿನಲ್ಲಿದೆ. ಯಾರೋ ತೀರಿಕೊಂಡರು, ಒಂದೂ ಒಳ್ಳೆಯ ಫೋಟೋ ಇಲ್ಲ ಅನ್ನಿ. ಅಣ್ಣ ಅವರ ಮಗಳ ಮದುವೆಯ ಗ್ರೂಪ್ ಫೋಟೋ ತೆರೆಯುತ್ತಾರೆ. ಯಜಮಾನರನ್ನು ನಾಜೂಕಾಗಿ ಕತ್ತರಿಸಿ, ಹೆಗಲ ಮೇಲಿದ್ದ ಬೀಗರ ಕೈ ಅಳಿಸಿ, ಹಿಂದೆ ನೀಲಿ ಮೋಡ ಹಾಕಿ, ಅರ್ಧ ಗಂಟೆಯಲ್ಲಿ ಸ್ವರ್ಗಕ್ಕೆ ಕಳಿಸುತ್ತಾರೆ. ಕಾಗೆ ಪಿಂಡ ಮುಟ್ಟುವ ಮುನ್ನವೇ ಆತ್ಮಕ್ಕೆ ಮೋಡ ಸಿಕ್ಕಿರುತ್ತದೆ. ಈ ಪುಣ್ಯಕಾರ್ಯಕ್ಕೆ ಅವರ ಬಲಗೈ ಫೋಟೋಶಾಪ್.

ಇಬ್ಬರ ನಂಟು ಶುರುವಾದದ್ದು 2003ರಲ್ಲಿ. ಬೆಂಗಳೂರಿನ ಎಸ್.ಪಿ. ರಸ್ತೆಯಿಂದ ಜೋಡಿಸಿದ ಕಂಪ್ಯೂಟರ್ ತಂದಾಗ ಮೌಸ್ ಪ್ಯಾಡಿನ ಜೊತೆಗೆ ಫೋಟೋಶಾಪ್ 7 ಕೂಡ ಪುಕ್ಕಟೆಯಾಗಿ ಬಂದಿತ್ತು. ಅದು ಮಾರಾಟದ ಸರಕು ಎಂದು ಅಣ್ಣನಿಗೆ ಬಹಳ ವರ್ಷ ಗೊತ್ತಿರಲಿಲ್ಲ. ಗೊತ್ತಾದ ಮೇಲೂ ಗೊತ್ತಿಲ್ಲದವರ ಹಾಗೆಯೇ ಇದ್ದರು. ಆಮೇಲೆ ಸಿಎಸ್6 ಬಂತು, ಅದೂ ಬಂದ ದಾರಿ ಅದೇ. ಊರ ಮುಂದಿನ ಗೋಮಾಳದಲ್ಲಿ ಹಸು ಮೇಯಿಸಿದಷ್ಟೇ ನಿರಾಳವಾಗಿ ಅದರಲ್ಲಿ ಆಲ್ಬಂ ಮೇಯಿಸಿದರು.

ಕಷ್ಟ ಬಂದದ್ದು ಹೊಸ ಕ್ಯಾಮೆರಾದ ರೂಪದಲ್ಲಿ. ಕ್ಯಾಂಡಿಡ್, ಪ್ರೀ ವೆಡ್ಡಿಂಗ್ ಎಂದು ಹುಡುಗ ಹುಡುಗಿಯರು ಕೇಳತೊಡಗಿದ ಮೇಲೆ ಅಣ್ಣ ಸಾಲ ಮಾಡಿ ಮಿರರ್‌ಲೆಸ್ ಕ್ಯಾಮೆರಾ ತಂದರು. ಮೊದಲ ಔಟ್‌ಡೋರ್ ಮುಗಿಸಿ ಕಾರ್ಡ್ ಹಾಕಿದರೆ ಒಂದು ಫೈಲೂ ತೆರೆಯಲಿಲ್ಲ. ಕ್ಯಾನನ್ ಕಂಪನಿ 2018ರಲ್ಲಿ ಸಿಆರ್3 ಎಂಬ ಹೊಸ ರಾ ಫೈಲ್ ತಂದಿತ್ತು. ಸಿಎಸ್6ಕ್ಕೋ, ಹೊಸ ಕ್ಯಾಮೆರಾಗಳ ಪರಿಚಯ ಮಾಡಿಸುವುದು 2015ಕ್ಕೇ ನಿಂತಿತ್ತು. ಮದುಮಗಳು ಕಾರ್ಡಿನೊಳಗೇ ಕೂತಳು.

ಬೆಂಗಳೂರಿನಲ್ಲಿ ಕೆಲಸದಲ್ಲಿರುವ ಅಕ್ಕನ ಮಗನಿಗೆ ಫೋನ್ ಹೋಯಿತು. ಅವನು ಭಾನುವಾರ ಬಂದು, ಮೊದಲು ಕಾಫಿ ಕುಡಿದು, ಆಮೇಲೆ ಸತ್ಯ ಹೇಳಿದ.

"ಮಾವ, ಈಗ ಅದನ್ನ ಮಾರೋದಿಲ್ಲ."

"ಮಾರ್ದೆ ಮತ್ತೇನ್ ಮಾಡ್ತಾರೆ?"

"ಬಾಡಿಗೆಗೆ ಕೊಡ್ತಾರೆ. ತಿಂಗಳು ತಿಂಗಳು ಕಟ್ಬೇಕು."

"ಎಷ್ಟು ತಿಂಗಳು?"

"ಎಷ್ಟು ತಿಂಗಳು ಬಳಸ್ತೀರೋ ಅಷ್ಟು ತಿಂಗಳು."

ಅಣ್ಣನ ಮುಖದಲ್ಲಿ ಅಂದು ಮೂಡಿದ ಭಾವವನ್ನು ಯಾರಾದರೂ ಕ್ಯಾಂಡಿಡ್ ತೆಗೆದಿದ್ದರೆ ಪ್ರಶಸ್ತಿ ಬರುತ್ತಿತ್ತು.

ಅಳಿಯ ಇತಿಹಾಸ ಬಿಡಿಸಿಟ್ಟ. ಒಮ್ಮೆ ದುಡ್ಡು ಕೊಟ್ಟರೆ ಕೊನೆಯವರೆಗೂ ನಿಮ್ಮದೇ ಆಗುತ್ತಿದ್ದ ಫೋಟೋಶಾಪಿನಲ್ಲಿ 2012ರ ಸಿಎಸ್6 ಕೊನೆಯದು. ಇನ್ನು ಮುಂದೆ ಚಂದಾ ಮಾತ್ರ ಎಂದು ಅಡೋಬಿ ಕಂಪನಿ 2013ರ ಮೇ ತಿಂಗಳಲ್ಲಿ ಸಾರಿತು. ಲೈಟ್‌ರೂಮ್ ಎಂಬ ತಂಗಿ ಇನ್ನೂ ಸ್ವಲ್ಪ ಕಾಲ ಬಿಡಿಯಾಗಿ ಸಿಗುತ್ತಿದ್ದಳು, 2017ಕ್ಕೆ ಅವಳೂ ಅಕ್ಕನ ಮನೆ ಸೇರಿದಳು. "ಆದ್ರೆ ಲೆಕ್ಕ ನೋಡಿ ಮಾವ. ಅಮೆರಿಕದಲ್ಲಿ ಸಿಎಸ್6ಗೆ 699 ಡಾಲರ್ ಇತ್ತು. ಫೋಟೋದೋರ ಚಂದಾ ಶುರುವಾದಾಗ ತಿಂಗಳಿಗೆ 9.99. ಒಂದು ಪೆಟ್ಟಿಗೆ ದುಡ್ಡಲ್ಲಿ 70 ತಿಂಗಳು, ಹತ್ತಿರ ಹತ್ತಿರ ಆರು ವರ್ಷ ಬರುತ್ತೆ."

"ಏಳನೇ ವರ್ಷಕ್ಕೆ?"

ಅಳಿಯ ತೆಪ್ಪಗಾದ. ಆ 9.99ರ ಬಾಗಿಲು 2025ರ ಜನವರಿಯಲ್ಲಿ ಹೊಸಬರಿಗೆ ಮುಚ್ಚಿತು ಎಂಬುದನ್ನು ಅವನು ಆಮೇಲೆ ನನಗೊಬ್ಬನಿಗೇ ಹೇಳಿದ. ಮಾವನಿಗೆ ಹೇಳಿದರೆ, ಆ 699 ಡಾಲರನ್ನು ತಾವೇ ಎಣಿಸಿ ಕೊಟ್ಟವರ ಹಾಗೆ ಕಿರುಚಾಡುತ್ತಾರೆ ಎಂಬ ಭಯ ಅವನಿಗೆ. ಭಯ ಸುಳ್ಳಲ್ಲ. ಒಂದು ಕಾಸೂ ಕೊಡದೆ ಹದಿನೈದು ವರ್ಷ ಬಳಸಿದವರಿಗೆ ಇರುವಷ್ಟು ಸ್ವಂತದ ಅಭಿಮಾನ ರಸೀದಿ ಇಟ್ಟುಕೊಂಡವರಿಗೆ ಇರುವುದಿಲ್ಲ.

ಅಣ್ಣನ ವಾದ ದುಡ್ಡಿನದಷ್ಟೇ ಅಲ್ಲ, ಪಂಚಾಂಗದ್ದೂ ಹೌದು. "ನೀವೇ ಹೇಳಿ ಮೇಷ್ಟ್ರೇ. ಆಷಾಢ ಒಂದು ತಿಂಗಳು ಮದುವೆ ಇಲ್ಲ. ಪಿತೃಪಕ್ಷ ಹದಿನೈದು ದಿನ ಇಲ್ಲ. ಧನುರ್ಮಾಸ ಪೂರ್ತಿ ಇಲ್ಲ. ಗುರು ಅಸ್ತ, ಶುಕ್ರ ಅಸ್ತ ಅಂತ ಜೋಯಿಸರು ಇನ್ನೊಂದಷ್ಟು ಕಿತ್ಕೋತಾರೆ. ಅಷ್ಟು ದಿನಾನೂ ಕ್ಯಾಮೆರಾ ಬ್ಯಾಗಲ್ಲಿ ಮಲಗಿರುತ್ತೆ, ನಾನು ಇಲ್ಲಿ ಮಲಗಿರ್ತೀನಿ. ಈ ಬಾಡಿಗೆ ಮಾತ್ರ ಮಲಗಲ್ಲ. ಗುರು ಮುಳುಗ್ಲಿ ಶುಕ್ರ ಮುಳುಗ್ಲಿ, ತಿಂಗಳಾದ್ರೆ ಎದ್ದು ಬರುತ್ತೆ. ಭೋಗ್ಯಕ್ಕೆ ಮನೆ ಹಿಡಿದ್ರೂ ಬಿಡುವಾಗ ಅಸಲು ವಾಪಸ್ ಬರುತ್ತಲ್ವಾ? ಇದರಲ್ಲಿ ಅಸಲೂ ಇಲ್ಲ, ಮನೇನೂ ಇಲ್ಲ. ತೆಂಗಿನ ಮರ ನಂದು, ಎಳನೀರು ನಂದು, ಕೆತ್ತೋ ಮಚ್ಚಿಗೆ ದಿನಾ ಬಾಡಿಗೆ ಕಟ್ಬೇಕು ಅಂದ್ರೆ ಯಾವ ನ್ಯಾಯ?"

ಕೊಬ್ಬರಿ ಊರಿನಲ್ಲಿ ಈ ಮಾತಿಗೆ ಎದುರು ಮಾತಿಲ್ಲ. ಅಳಿಯ ಆದರೂ ಪ್ರಯತ್ನಪಟ್ಟ. ಪರದೆಯಲ್ಲಿ ಡಾಡ್ಜ್, ಬರ್ನ್ ಎಂಬ ಸಲಕರಣೆಗಳನ್ನು ತೋರಿಸಿ, ಇವೆಲ್ಲ ಎಷ್ಟು ಸುಧಾರಿಸಿವೆ ನೋಡಿ ಎಂದ. ಅಣ್ಣ ಕನ್ನಡಕ ಏರಿಸಿ ನೋಡಿದರು. ಒಂದರ ಚಿತ್ರ ಕಡ್ಡಿಗೆ ಸಿಕ್ಕಿಸಿದ ಬಿಲ್ಲೆ, ಇನ್ನೊಂದು ತೂತು ಬರುವಂತೆ ಮಡಿಚಿದ ಕೈ. ಡಾರ್ಕ್ ರೂಮಿನ ಕೆಂಪು ದೀಪದಲ್ಲಿ, ಎನ್ಲಾರ್ಜರಿನ ಕೆಳಗೆ, ಮುಖ ತಿಳಿಯಾಗಲಿ ಎಂದು ರಟ್ಟಿನ ಬಿಲ್ಲೆ ಅಡ್ಡ ಹಿಡಿದದ್ದು, ರೇಷ್ಮೆ ಸೀರೆ ಗಾಢವಾಗಲಿ ಎಂದು ಕೈ ಮಡಿಚಿ ಬೆಳಕು ಬಿಟ್ಟದ್ದು ಅವರಿಗೆ ನೆನಪಾಯಿತು. ಅವರ ಊಹೆ ತಪ್ಪೂ ಅಲ್ಲ. ಫೋಟೋಶಾಪ್ ಬರೆದ ಥಾಮಸ್ ಮತ್ತು ಜಾನ್ ನೋಲ್ ಸಹೋದರರು ಫೋಟೋ ತೊಳೆಯಲು ಕಲಿತದ್ದು ತಂದೆ ಮನೆಯ ನೆಲಮಾಳಿಗೆಯಲ್ಲಿ ಇಟ್ಟುಕೊಂಡಿದ್ದ ಡಾರ್ಕ್ ರೂಮಿನಲ್ಲಿ. 1990ರಲ್ಲಿ ಮಾರುಕಟ್ಟೆಗೆ ಬಂದ ಅವರ ತಂತ್ರಾಂಶ ಡಾರ್ಕ್ ರೂಮಿನ ಪರಿಭಾಷೆಯನ್ನೇ ಹೊತ್ತು ತಂದಿತು.

"ಲೋ, ಅದು ನನ್ನ ಕೈ ಕಣೋ," ಎಂದರು ಅಣ್ಣ. "ಡೆವಲಪರಿನಲ್ಲಿ ಉಗುರು ಕಪ್ಪು ಮಾಡ್ಕೊಂಡಿರೋ ಕೈ. ನನ್ನ ಕೈಗೇ ನಾನು ಬಾಡಿಗೆ ಕಟ್ಬೇಕಾ?"

ಆದರೂ ಕಟ್ಟಿದರು. ಮದುಮಗಳು ಕಾರ್ಡಿನೊಳಗಿದ್ದಳಲ್ಲ. ಫೋಟೋಗೆ ಒಂದು ಚಂದಾ, ಆಲ್ಬಂ ಪುಟ ಜೋಡಿಸುವುದಕ್ಕೆ ಬೇರೊಂದು ಕಂಪನಿಯ ಚಂದಾ, ಚರ್ಮದ ಸುಕ್ಕು ತೆಗೆಯುವುದಕ್ಕೆ ಮೂರನೆಯದು. ಎಲ್ಲವನ್ನೂ ಅಳಿಯ ಬ್ಯಾಂಕ್ ಕಾರ್ಡಿಗೆ ಕಟ್ಟಿಹಾಕಿ ಹೋದ. ಇಂಥ ಸ್ವಯಂ ಕಡಿತಗಳಿಗೆ 24 ಗಂಟೆ ಮೊದಲೇ ಗ್ರಾಹಕನಿಗೆ ತಿಳಿಸಬೇಕೆಂಬ ರಿಸರ್ವ್ ಬ್ಯಾಂಕಿನ ನಿಯಮ 2021ರ ಅಕ್ಟೋಬರ್‌ನಿಂದ ಬಿಗಿಯಾಗಿ ಜಾರಿಯಲ್ಲಿದೆ. ಹಾಗಾಗಿ ಅಣ್ಣನಿಗೆ ಈಗ ತಿಂಗಳಿಗೆ ಮೂರು ಸಲ ದುಡ್ಡು ಹೋಗುತ್ತದೆ, ಆರು ಸಲ ಹೊಟ್ಟೆ ಉರಿಯುತ್ತದೆ. ಹೋಗುವ ಹಿಂದಿನ ದಿನ ಒಮ್ಮೆ, ಹೋದ ಮೇಲೆ ಒಮ್ಮೆ.

ಕಳೆದ ವೈಶಾಖದಲ್ಲಿ ಕಾರ್ಡಿನ ಅವಧಿ ಮುಗಿದದ್ದು ಯಾರಿಗೂ ನೆನಪಾಗಲಿಲ್ಲ. ಆಲ್ಬಂ ತಂತ್ರಾಂಶ ರಾತ್ರಿ ಹನ್ನೊಂದಕ್ಕೆ ಬಾಗಿಲು ಹಾಕಿತು. ಬೆಳಿಗ್ಗೆ ಆರರ ಬಸ್ಸಿಗೆ ಪುಟಗಳು ಲ್ಯಾಬಿಗೆ ಹೋಗಬೇಕು. ನಲವತ್ತು ಶೀಟಿನ ಆಲ್ಬಮ್ಮಿನಲ್ಲಿ ವಧು ಇಪ್ಪತ್ತೆರಡನೇ ಶೀಟಿನಲ್ಲಿ ಧಾರೆಗೆ ಕೂತವಳು ಏಳಲಿಲ್ಲ. ಹುಡುಗಿಯ ತಂದೆ ಬೆಳಿಗ್ಗೆಯೇ ಬಂದು ನಿಂತರು. ಹಿಂದೆಲ್ಲ ಆಲ್ಬಂ ತಡವಾದರೆ ಅಣ್ಣ ಕರೆಂಟಿನ ಮೇಲೆ, ಲ್ಯಾಬಿನ ಮೇಲೆ, ತಮ್ಮ ಜ್ವರದ ಮೇಲೆ ಹಾಕುತ್ತಿದ್ದರು, ಜನ ನಂಬುತ್ತಿದ್ದರು. ಈ ಸಲ ಅವರು ಹೇಳಿದ್ದು ನಿಜ. "ಸಬ್‌ಸ್ಕ್ರಿಪ್ಷನ್ ಮುಗಿದಿದೆ ಯಜಮಾನ್ರೇ." ಮೂವತ್ತು ವರ್ಷದಲ್ಲಿ ಮೊದಲ ಬಾರಿಗೆ ಅವರ ಮಾತನ್ನು ಯಾರೂ ನಂಬಲಿಲ್ಲ.

ಚಂದಾ ಬಿಟ್ಟೇಬಿಡುತ್ತೇನೆ ಎಂದು ಅಣ್ಣ ಹೊರಟರು. ಅದು ವರ್ಷದ ಒಪ್ಪಂದ, ಕಂತು ಮಾತ್ರ ತಿಂಗಳದು; ನಡುವೆ ಬಿಟ್ಟರೆ ದಂಡ ಎಂದು ಆಗ ತಿಳಿಯಿತು. ಈ ಬಗೆಯ ದಂಡ ನಮ್ಮ ಅಣ್ಣನಿಗಷ್ಟೇ ಮೀಸಲಲ್ಲ. ಚಂದಾ ಬಿಡುವವರ ಮೇಲಿನ ಶುಲ್ಕವನ್ನು ಎದ್ದು ಕಾಣದಂತೆ ಇಟ್ಟಿದ್ದಾರೆ ಎಂದು ಅಮೆರಿಕದ ಫೆಡರಲ್ ಟ್ರೇಡ್ ಕಮಿಷನ್ ಶಿಫಾರಸಿನ ಮೇರೆಗೆ ಅಲ್ಲಿನ ನ್ಯಾಯ ಇಲಾಖೆ 2024ರ ಜೂನ್‌ನಲ್ಲಿ ಅಡೋಬಿಯ ಮೇಲೆಯೇ ಮೊಕದ್ದಮೆ ಹೂಡಿತು; ಕಂಪನಿ ಆರೋಪವನ್ನು ಅಲ್ಲಗಳೆಯಿತು. ಸುದ್ದಿ ಓದಿ ಹೇಳಿದಾಗ ಅಣ್ಣ, "ಅಮೆರಿಕದಲ್ಲೂ ಆಷಾಢ ಇದೆ ಅನ್ನಿ," ಎಂದು ಸಮಾಧಾನಪಟ್ಟರು.

ಪುಕ್ಕಟೆಯ ದಾರಿಗಳನ್ನೂ ಹುಡುಕಿದ್ದಾಯಿತು. ಗಿಂಪ್ ಎಂಬುದು 1996ರಿಂದ ಇದೆ, ಬಿಡಿಗಾಸು ಕೇಳುವುದಿಲ್ಲ. ರಾ ಫೈಲಿಗೆ ಡಾರ್ಕ್‌ಟೇಬಲ್ ಇದೆ, ಅದೂ ಉಚಿತ. ಅಳಿಯ ಎರಡನ್ನೂ ಹಾಕಿಕೊಟ್ಟ. ಅಣ್ಣ ಒಂದು ವಾರ ಕೂತರು. "ತಪ್ಪೇನಿಲ್ಲ ಮೇಷ್ಟ್ರೇ, ಒಳ್ಳೆ ಮನೆ. ಆದ್ರೆ ಉಪ್ಪಿನ ಡಬ್ಬಿ ಎಲ್ಲಿದೆ ಅಂತ ಗೊತ್ತಾಗಲ್ಲ," ಎಂದರು. ಇಪ್ಪತ್ತು ವರ್ಷ ಒಂದೇ ಅಡುಗೆಮನೆಯಲ್ಲಿ ಕತ್ತಲಲ್ಲೂ ಸಾಸಿವೆ ಹುಡುಕಿದ ಕೈಗೆ ಹೊಸ ಮನೆ ಬಾಡಿಗೆಯಿಲ್ಲದಿದ್ದರೂ ದುಬಾರಿಯೇ.

ಮೊನ್ನೆ ಪಾಸ್‌ಪೋರ್ಟ್ ಸೈಜಿನ ಫೋಟೋಗೆ ಹೋದಾಗ ಅಣ್ಣ ಇದೇ ಪುರಾಣದಲ್ಲಿದ್ದರು. "ನಮ್ಮ ಫೈಲು, ನಮ್ಮ ಬೆವರು. ತೆರೆಯೋಕೆ ಅವರನ್ನ ಕೇಳ್ಬೇಕು. ಇದು ಜುಲುಮೆ ಅಲ್ವಾ?"

ನನ್ನ ಕಣ್ಣು ಅವರ ಹಿಂದಿನ ಸ್ಟೀಲ್ ಬೀರುವಿನ ಮೇಲೆ ಹೋಯಿತು. 1998ರಲ್ಲಿ ನನ್ನ ಮದುವೆಯಾದಾಗ ನೆಗೆಟಿವ್ ಕೊಡಿ ಎಂದು ಕೇಳಿದ್ದೆ. "ನಮ್ಮತ್ರಾನೇ ಸೇಫಾಗಿರುತ್ತೆ ಮೇಷ್ಟ್ರೇ. ಯಾವಾಗ ಬೇಕೋ ಬನ್ನಿ, ಪ್ರಿಂಟ್ ಹಾಕಿಸ್ಕೊಳಿ," ಎಂದಿದ್ದರು. ಅಮ್ಮನಿಗೆ ಒಂದು, ಅತ್ತೆಗೆ ಒಂದು, ಆಸ್ಟ್ರೇಲಿಯಾಕ್ಕೆ ಹೋದ ನಾದಿನಿಗೆ ಒಂದು ಎಂದು ಪ್ರತಿ ಸಲವೂ ದುಡ್ಡು ಕೊಟ್ಟು ನನ್ನ ಮದುವೆಯನ್ನೇ ನಾನು ಬಿಡಿಬಿಡಿಯಾಗಿ ಕೊಂಡಿದ್ದೆ.

"ಅಣ್ಣ, ನನ್ನ ನೆಗೆಟಿವ್ ಇನ್ನೂ ಬೀರುವಿನಲ್ಲೇ ಇದೆಯಾ?" ಎಂದೆ.

ಅವರು ಒಂದು ನಿಮಿಷ ನನ್ನ ಮುಖ ನೋಡಿದರು. ಮೌಸ್ ಬಿಟ್ಟು ಎದ್ದರು. ಬೀಗದ ಕೈ ಹುಡುಕಿ, ಬೀರು ತೆರೆದು, ನುಸಿಗುಳಿಗೆಯ ವಾಸನೆಯ ಒಂದು ಲಕೋಟೆ ತಂದು ಕೈಗಿಟ್ಟರು. "ತಗೊಂಡ್ಹೋಗಿ. ನಿಮ್ದೇ," ಎಂದರು. ಆಮೇಲೆ ಆ ಸಂಜೆ ಕಂಪನಿಯನ್ನು ಬೈಯಲಿಲ್ಲ.

ಮನೆಗೆ ತಂದು ಕಿಟಕಿಯ ಬೆಳಕಿಗೆ ಹಿಡಿದೆವು. ಬಿಳಿ ಕೂದಲಿನ, ಕಪ್ಪು ಹಲ್ಲಿನ ಇಬ್ಬರು ಹಾರ ಬದಲಿಸಿಕೊಳ್ಳುತ್ತಿದ್ದರು. ಊರಿನಲ್ಲಿ ನೆಗೆಟಿವ್ ಪ್ರಿಂಟ್ ಹಾಕುವ ಲ್ಯಾಬ್ ಈಗ ಒಂದೂ ಇಲ್ಲ. ಮರುದಿನ ಅದೇ ಲಕೋಟೆ ಹಿಡಿದು ಅದೇ ಮೆಟ್ಟಿಲು ಹತ್ತಿದೆ. ಅಣ್ಣ ಸ್ಕ್ಯಾನರಿನ ಧೂಳು ಒರೆಸಿ, ಹಳೆಯ ಸಿಎಸ್6 ತೆರೆದು, ಒಂದೊಂದನ್ನೇ ತಿರುವಿ ಬಣ್ಣ ಕಟ್ಟಿದರು. ಫ್ರೇಮಿಗೆ ಇಪ್ಪತ್ತು ರೂಪಾಯಿಯ ಹಾಗೆ 36ಕ್ಕೆ 720 ಆಯಿತು. ಒಂದೇ ಸಲ.